ಸಾಹೇಬರ ಎಡಗಣ್ಣು

ಎರಡು ತಿಂಗಳಲ್ಲಿ ಮೂರನೆಯ ಸಲ ಸಾಹೇಬರ ಎಡಗಣ್ಣು ಮುಚ್ಚಿಕೊಂಡಿತು.

ಸಾಹೇಬರು ಎಂದರೆ ತಿರುಮಲೇಶ ಸಾಕಿಕೊಂಡಿದ್ದ ಗೋಸುಂಬೆ. ಒಂದು ಹೆಜ್ಜೆ ಮುಂದಿಟ್ಟು, ಅದನ್ನೇ ಹಿಂದಕ್ಕೆಳೆದು, ಎರಡು ಸಲ ತೂಗಾಡಿ ಮತ್ತೆ ಮುಂದಿಡುವ ಅದರ ನಡಿಗೆ ಕಂಡಾಗ ಅವನಿಗೆ ತನ್ನ ವಿಮಾ ಕಚೇರಿಯ ಮೇಲಧಿಕಾರಿ ಫೈಲಿಗೆ ಸಹಿ ಹಾಕುವ ರೀತಿ ನೆನಪಾಗಿತ್ತು. ಹಾಗೆ ಬಂದ ಹೆಸರು ಅದು. ಚೆನ್ನೈಗೆ ವರ್ಗವಾಗಿ ಬಂದು ಒಂದೂವರೆ ವರ್ಷವಾಗಿತ್ತು. ಅಷ್ಟು ದಿನಗಳಲ್ಲಿ ಅವನು ಮಾಡಿದ ತಮಾಷೆ ಅದೊಂದೇ. ಹೇಳಿಕೊಂಡು ನಗಲು ಮಾತ್ರ ಯಾರೂ ಇರಲಿಲ್ಲ.

ನಂಜನಗೂಡಿನ ಕಡೆಯವನು, ಮೂವತ್ತನಾಲ್ಕು ವರ್ಷ. ತ್ರಿಪ್ಲಿಕೇನಿನಲ್ಲಿ ಒಂಟಿ ಗಂಡಸರೇ ತುಂಬಿದ ಮ್ಯಾನ್ಷನ್ನಿನ ಮೂರನೆಯ ಮಹಡಿಯಲ್ಲಿ ಒಂದು ಕೋಣೆ. ವಾರದ ದಿನಗಳು ಹೇಗೋ ಕಳೆದುಹೋಗುತ್ತಿದ್ದವು. ಭಾನುವಾರವೆಂದರೆ ಅವನಿಗೆ ಹೆದರಿಕೆ. ಬೆಳಗಿನಿಂದ ಸಂಜೆಯವರೆಗೆ ಅವನ ಬಾಯಿಂದ ಹೊರಡುವ ಮಾತು ಮೆಸ್ಸಿನಲ್ಲಿ ಕೇಳುವ 'ಒಂದು ಮೀಲ್ಸ್' ಮಾತ್ರ. ಕೆಲವು ಭಾನುವಾರ ಸಂಜೆ ಗಂಟಲು ಸರಿಯಿದೆಯೋ ಇಲ್ಲವೋ ಎಂದು ಸುಮ್ಮನೆ ಕೆಮ್ಮಿ ನೋಡಿಕೊಂಡದ್ದೂ ಉಂಟು.

ಅಂಥ ದಿನಗಳಲ್ಲೇ ಅವನಿಗೆ ಸಾಹೇಬರು ಸಿಕ್ಕಿದ್ದು. ಊರಂಚಿನ ಶೋಳಿಂಗನಲ್ಲೂರಿನಲ್ಲಿ ಯಾವುದೋ ಕಂಪೆನಿ ಕಟ್ಟಡಕ್ಕೆಂದು ಜೆಸಿಬಿ ಮುಳ್ಳುಪೊದೆಗಳನ್ನೆಲ್ಲ ಬಾಚಿ ಹಾಕುತ್ತಿತ್ತು. ಕ್ಲೇಮಿನ ಕೆಲಸಕ್ಕೆ ಹೋಗಿದ್ದ ತಿರುಮಲೇಶನ ಎದುರಿಗೆ, ಮನೆಮಠ ಕಳೆದುಕೊಂಡ ಈ ಪ್ರಾಣಿ ಲಾರಿಗಳ ನಡುವೆ ಯಾವ ಅವಸರವೂ ಇಲ್ಲದೆ ರಸ್ತೆ ದಾಟುತ್ತಿತ್ತು. ಎತ್ತಿಕೊಂಡು ಟಿಫಿನ್ ಬಾಕ್ಸಿನ ಚೀಲದಲ್ಲಿಟ್ಟು ತಂದುಬಿಟ್ಟ.

ಆಮೇಲೆ ಈ ಕಣ್ಣಿನ ಕಾಯಿಲೆ. ಹತ್ತಿರದ ಪಶುವೈದ್ಯರು ಕೊಟ್ಟ ಹನಿ ಔಷಧಿ ಹಾಕಿದರೆ ಗುಣವಾಗುತ್ತಿತ್ತು, ನಿಲ್ಲಿಸಿದ ವಾರಕ್ಕೆ ಕಣ್ಣು ಒಳಗೆ ಗುಳಿಬಿದ್ದು ಮತ್ತೆ ಮುಚ್ಚುತ್ತಿತ್ತು. ಮೂರನೆಯ ಸಲ ಔಷಧಿ ಅಂಗಡಿಯವನೇ ಹೇಳಿದ, ರಾಯಪುರಂನಲ್ಲಿ ಒಬ್ಬ ಡಾಕ್ಟರಮ್ಮ ಇದ್ದಾರೆ, ಆಮೆ, ಗಿಳಿ ಎಲ್ಲ ನೋಡುತ್ತಾರೆ, ಅಲ್ಲಿಗೆ ಹೋಗಿ ಎಂದು.

ಮೀನು ಬಂದರಿನ ಬೆಕ್ಕುಗಳೇ ಹೆಚ್ಚು ಬರುವ ಚಿಕ್ಕ ಕ್ಲಿನಿಕ್ ಅದು. ಡಾಕ್ಟರ್ ವಾಸಂತಿ ಕಾರ್ಡಿನಲ್ಲಿ ಅವನ ಹೆಸರು ಬರೆದುಕೊಂಡಳು, ಸಾಹೇಬರನ್ನು ಟವೆಲಿನ ಮೇಲೆ ಇಟ್ಟುಕೊಂಡು ತಮಿಳಿನಲ್ಲಿ ಪಟಪಟನೆ ಪ್ರಶ್ನೆ ಕೇಳಿದಳು. ತಿರುಮಲೇಶನ ತಮಿಳು ಮೆಸ್ಸಿನ ಆಚೆ ಹೋಗುತ್ತಿರಲಿಲ್ಲ. ಅವನು ಬೆವರೊರೆಸಿಕೊಂಡು, ಸಾಹೇಬರ ಕಡೆಗೇ ಬಗ್ಗಿ ಮೆಲ್ಲಗೆ ಹೇಳಿದ:

"ಕಣ್ ಬಿಡಿ ಸಾಹೇಬ್ರೇ. ಡಾಕ್ಟ್ರು ಏನೂ ಮಾಡಲ್ಲ. ನೋಡೋಕೆ ಮಾತ್ರ ಜೋರು."

ವಾಸಂತಿಯ ಕೈ ಅಲ್ಲೇ ನಿಂತಿತು.

"ಜೋರಾ? ನಾನಾ?"

ತಿರುಮಲೇಶನ ಮುಖ ಕೆಂಪಾಗಿ, ಬೆಳ್ಳಗಾಗಿ, ಮತ್ತೆ ಕೆಂಪಾಯಿತು. ಮೇಜಿನ ಮೇಲಿದ್ದ ಗೋಸುಂಬೆಗೂ ಅಷ್ಟು ಬೇಗ ಬಣ್ಣ ಬದಲಿಸಲು ಬರುತ್ತಿರಲಿಲ್ಲ.

"ನೀವು... ಕನ್ನಡದವರಾ ಮೇಡಂ?"

"ಅಪ್ಪ ರೈಲ್ವೇಲಿ ಇದ್ರು. ನಾನು ಹುಟ್ಟಿದ್ದು, ಬೆಳೆದಿದ್ದು ಎಲ್ಲಾ ಇಲ್ಲೇ ಪೆರಂಬೂರು. ಅಪ್ಪನ ಜೊತೆ ಮಾತ್ರ ಕನ್ನಡ." ಅವಳು ಸಾಹೇಬರ ಕಣ್ಣಿನ ಕಡೆಗೆ ಟಾರ್ಚ್ ತಿರುಗಿಸಿದಳು. "ಹೋದ ವರ್ಷ ಅವ್ರು ಹೋಗ್ಬಿಟ್ರು. ಅಪ್ಪುರಂ... ಆಮೇಲೆ ಯಾರ ಹತ್ರ ಮಾತಾಡೋದು? ಸರಿ, ಅದಿರಲಿ. ಇದನ್ನ ಮನೇಲಿ ಹೇಗೆ ಇಟ್ಟಿದ್ದೀರಿ? ಒಂದೂ ಬಿಡದೆ ಹೇಳಿ."

ಅವನು ಹೇಳಿದ. ಮೀನು ಸಾಕುವ ಗಾಜಿನ ತೊಟ್ಟಿ. ಬಟ್ಟಲಲ್ಲಿ ನೀರು, ದಿನಾ ಬದಲಿಸುತ್ತಾನೆ. ತಿನ್ನಲು ಜಿರಲೆ, ಮ್ಯಾನ್ಷನ್ನಿನಲ್ಲಿ ಅದಕ್ಕೇನೂ ಬರವಿಲ್ಲ.

"ನೀರು ಕುಡಿಯತ್ತಾ?"

"ಬಟ್ಟಲಲ್ಲಿ ದಿನಾ ಕಮ್ಮಿ ಆಗಿರತ್ತೆ ಮೇಡಂ."

"ಈ ಬಿಸಿಲಿಗೆ ಆರಿಹೋಗತ್ತೆ, ತಿರುಮಲೇಶ್. ಇದಕ್ಕೆ ನಿಂತ ನೀರು ಇದೆ ಅಂತಲೇ ಗೊತ್ತಾಗಲ್ಲ. ಎಲೆ ಮೇಲೆ ಹನಿ ಬೀಳ್ಬೇಕು, ಅಲ್ಲಾಡ್ಬೇಕು, ಹೊಳೀಬೇಕು, ಆಗಲೇ ಕಾಣೋದು. ಇಷ್ಟು ದಿನ ಹುಳದ ಮೈಯಲ್ಲಿರೋ ನೀರಲ್ಲೇ ಜೀವ ಹಿಡ್ಕೊಂಡಿದೆ. ಔಷಧಿ ಹಾಕಿದಾಗ ಒಂದೆರಡು ಹನಿ ಬಾಯಿಗೂ ಹೋಗಿರತ್ತೆ. ಅದಕ್ಕೇ ಗುಣ ಆಯ್ತೋ ಏನೋ."

ಅವನು ಸಾಹೇಬರ ಗುಳಿಬಿದ್ದ ಕಣ್ಣು ನೋಡಿದ. ಎದುರಿಗೇ ನೀರಿಟ್ಟು ಎರಡು ತಿಂಗಳು ಅದನ್ನು ಬಾಯಾರಿಕೆಯಲ್ಲಿ ಇಟ್ಟಿದ್ದ.

"ತೊಟ್ಟಿಯಲ್ಲಿ ಇನ್ನೇನಿದೆ?"

"ಒಂದು ಕನ್ನಡಿ."

"ಕನ್ನಡಿ ಯಾಕೆ?"

ಅವನು ಟವೆಲಿನ ಅಂಚು ಸರಿಮಾಡಿದ. "ನಾನು ಆಫೀಸಿಗೆ ಹೋದ್ಮೇಲೆ ಒಂದೇ ಇರತ್ತಲ್ಲ, ಪಾಪ. ಜೊತೆಗೆ ಯಾರೋ ಇದಾರೆ ಅಂತ ಅನ್ನಿಸ್ಲಿ ಅಂತ."

ವಾಸಂತಿ ಅವನನ್ನು ನೋಡಿದಳು. ಅಲ್ಲಿಯವರೆಗೆ ರೋಗಿಯ ಜೊತೆ ಬಂದವನನ್ನು ನೋಡುವಂತೆ ನೋಡುತ್ತಿದ್ದವಳು, ಮೊದಲ ಸಲ ಅವನ ಸವೆದ ಕಾಲರು, ತಾನೇ ಹೊಲಿದುಕೊಂಡ ಗುಂಡಿ, ನೆಲ ನೋಡುತ್ತಿದ್ದ ಕಣ್ಣು ಎಲ್ಲವನ್ನೂ ನಿಧಾನವಾಗಿ ನೋಡಿದಳು.

"ಇದಕ್ಕೆ ಇನ್ನೊಂದು ಗೋಸುಂಬೆ ಕಂಡ್ರೆ ಆಗಲ್ಲ," ಎಂದಳು. ದನಿ ಮೊದಲಿನಷ್ಟು ಜೋರಿರಲಿಲ್ಲ. "ಹಗಲೆಲ್ಲಾ ಎದುರಿಗೆ ಶತ್ರು ನಿಂತ ಹಾಗೆ. ಒಂಟಿಯಾಗಿರೋದು ಇದರ ಕಾಯಿಲೆ ಅಲ್ಲ."

ಯಾರ ಕಾಯಿಲೆ ಎಂದು ಅವಳು ಹೇಳಲಿಲ್ಲ. ಅವನಿಗೆ ಗೊತ್ತಾಯಿತು.

ಇನ್ನೊಂದು ವಿಷಯವನ್ನೂ ಅವಳು ಮುಚ್ಚಿಡಲಿಲ್ಲ. ಗೋಸುಂಬೆಯನ್ನು ಮನೆಯಲ್ಲಿ ಸಾಕುವುದು ಕಾನೂನಿಗೆ ವಿರುದ್ಧ. ಅಲ್ಲೇ ಅರಣ್ಯ ಇಲಾಖೆಗೆ ಫೋನ್ ಮಾಡಿ, ಗುಣವಾಗುವವರೆಗೆ ತನ್ನ ಜವಾಬ್ದಾರಿಯಲ್ಲಿ ಅದು ತಿರುಮಲೇಶನ ಬಳಿಯೇ ಇರಲಿ ಎಂದು ಒಪ್ಪಿಸಿದಳು. "ಗುಣ ಆಯ್ತು ಅಂದ್ರೆ ಕಾಡಿಗೆ. ಒಂದು ದಿನವೂ ಜಾಸ್ತಿ ಇಟ್ಕೊಳ್ಳೋ ಹಾಗಿಲ್ಲ, ಸರಿಯಾ?"

"ಸರಿ ಮೇಡಂ. ಪ್ರತಿ ಭಾನುವಾರ ತಂದು ತೋರಿಸ್ಲಾ?"

"ಅಯ್ಯೋ, ಬಸ್ಸಲ್ಲಿ ಅಲ್ಲಾಡಿಸಿ ತಂದ್ರೆ ಇನ್ನೂ ಕೆಡತ್ತೆ. ಅದನ್ನ ತರಬೇಡಿ." ಅವಳು ಚೀಟಿ ಬರೆಯುತ್ತ ತಲೆ ಎತ್ತದೆ ಹೇಳಿದಳು. "ನೀವು ಮಾತ್ರ ಬನ್ನಿ. ದಿನಾ ಏನೇನು ಮಾಡ್ತು ಅಂತ ಬರ್ಕೊಂಡು ಬನ್ನಿ."

ಮ್ಯಾನ್ಷನ್ನಿಗೆ ಬಂದವನೇ ಮೊದಲು ಕನ್ನಡಿ ತೆಗೆದ. ಗಾಜಿನ ತೊಟ್ಟಿಯ ಬದಲು ಜಾಲರಿ ಬಾಗಿಲಿನ ಹಳೆಯ ಅಡುಗೆಮನೆ ಕಪಾಟು ಬಂತು, ಅದರೊಳಗೆ ಕುಂಡದಲ್ಲಿ ದಾಸವಾಳ ಬಂತು. ಬೆಳಗಿನ ಎಳೆಬಿಸಿಲು ಬೀಳುವ ಕಿಟಕಿಗೆ ಕಪಾಟನ್ನು ಸರಿಸಿದ. ಜಿರಲೆಯ ಜೊತೆಗೆ ಮಿಡತೆ ಹಿಡಿದು ತಂದ. ಸಾಹೇಬರಿಗೆ ಕೊಡುವ ಮೊದಲು ಆ ಹುಳಗಳಿಗೂ ಸೊಪ್ಪು, ಕ್ಯಾರೆಟ್ ತಿನ್ನಿಸಬೇಕೆಂದು ವಾಸಂತಿ ಹೇಳಿದ್ದಳು. ಅವಳೇ ಕೊಟ್ಟ ಖಾಲಿ ಸಲೈನ್ ಬಾಟಲಿಯನ್ನು ಮೊಳೆಗೆ ನೇತುಹಾಕಿ, ನಳಿಕೆಯ ಚಿಕ್ಕ ಚಕ್ರ ತಿರುಗಿಸಿದ. ಆ ಬೇಸಿಗೆ ಊರಿಗೆಲ್ಲ ನೀರಿನ ಹಾಹಾಕಾರ. ಕೋಣೆಗೆ ದಿನಕ್ಕೆ ಎರಡೇ ಬಕೆಟ್. ಅರ್ಧ ಬಕೆಟ್ಟಿನಲ್ಲಿ ಸ್ನಾನ ಮುಗಿಸಿ ಬಾಟಲಿ ತುಂಬಿಸಿದ.

ಹನಿ ದಾಸವಾಳದ ಎಲೆಯ ಮೇಲೆ ಬಿತ್ತು. ಇನ್ನೊಂದು ಬಿತ್ತು. ಸಾಹೇಬರು ಬಹಳ ಹೊತ್ತು ಯೋಚಿಸಿದರು. ಆಮೇಲೆ ಒಂದು ಹೆಜ್ಜೆ ಮುಂದಿಟ್ಟು, ಎಲೆಯ ತುದಿಗೆ ಬಾಯಿ ಒಡ್ಡಿ ಕುಡಿಯತೊಡಗಿದರು. ಹತ್ತು ನಿಮಿಷ ಕುಡಿದರು. ತಿರುಮಲೇಶ ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತು ನೋಡುತ್ತಲೇ ಇದ್ದ. ಅವನಿಗೇ ಗೊತ್ತಿಲ್ಲದಂತೆ ಅವನ ಕಣ್ಣು ತುಂಬಿ ಬಂದಿತ್ತು.

ಭಾನುವಾರಗಳಿಗೆ ಈಗ ಹೆದರಬೇಕಾಗಿರಲಿಲ್ಲ. ಕ್ಲಿನಿಕ್ ಮುಚ್ಚುವ ಹೊತ್ತಿಗೆ ನೋಟ್‌ಬುಕ್ ಹಿಡಿದು ಹೋಗುತ್ತಿದ್ದ. ವಾಸಂತಿ ಫ್ಲಾಸ್ಕಿನಿಂದ ಎರಡು ಲೋಟಕ್ಕೆ ಕಾಫಿ ಬಗ್ಗಿಸಿ, ಅವನು ಬರೆದದ್ದನ್ನು ಗಟ್ಟಿಯಾಗಿ ಓದುತ್ತಿದ್ದಳು. ಕನ್ನಡ ಅಕ್ಷರ ಅವಳಿಗೆ ಅಪ್ಪ ಕಲಿಸಿದ್ದು, ಒತ್ತಕ್ಷರ ಬಂದಲ್ಲಿ ಮುಗ್ಗರಿಸುತ್ತಿದ್ದಳು.

"'ಮಂಗಳವಾರ. ಸಾಹೇಬರು ಮಿಡತೆಯನ್ನು ತಿರ... ತಿರಸ್ಕರಿಸಿದರು.' ಏನ್ರೀ ಇದು, ಆಫೀಸ್ ಲೆಟರ್ ಹಾಗೆ?"

"ಕ್ಲೇಮ್ ತಿರಸ್ಕರಿಸಿ ಅಭ್ಯಾಸ ಮೇಡಂ."

ಅವಳು ನಕ್ಕರೆ ಮೊದಲು ಎಡಗೆನ್ನೆಯಲ್ಲಿ ಗುಳಿ ಬೀಳುತ್ತಿತ್ತು, ಬಲಗೆನ್ನೆಗೆ ಆ ಸುದ್ದಿ ಸ್ವಲ್ಪ ತಡವಾಗಿ ತಲುಪುತ್ತಿತ್ತು. ಅದನ್ನು ಅವನು ಲೋಟದ ಅಂಚಿನ ಮೇಲಿನಿಂದ ಕದ್ದು ನೋಡುತ್ತಿದ್ದ.

"ನಿಮ್ಮ ಕಣ್ಣೂ ಸಾಹೇಬರ ಹಾಗೇನಾ?" ಎಂದಳು ಒಮ್ಮೆ. "ಒಂದು ಕಾಫಿ ಕಡೆ, ಒಂದು ಬೇರೆ ಕಡೆ?"

ಅವನು ಎರಡೂ ಕಣ್ಣನ್ನು ಕಾಫಿಯಲ್ಲೇ ಮುಳುಗಿಸಿಬಿಟ್ಟ. ಎಷ್ಟೋ ಮಾತು ಗಂಟಲಿಗೆ ಬಂದು ಅಲ್ಲೇ ಕೂತುಬಿಡುತ್ತಿತ್ತು. ತಾನು ಪ್ರತಿ ಭಾನುವಾರ ಬರುವುದು, ಇಸ್ತ್ರಿ ಮಾಡಿದ ಅಂಗಿ ಹಾಕುವುದು, ಇಷ್ಟನ್ನು ನೋಡಿಯೇ ಅವಳಿಗೆ ತಿಳಿದೀತು ಎಂದುಕೊಂಡಿದ್ದ.

ಆರನೆಯ ವಾರಕ್ಕೆ ಸಾಹೇಬರ ಎಡಗಣ್ಣು ಪೂರ್ತಿ ತೆರೆಯಿತು. ಮೈ ಕಪ್ಪುತನ ಕಳೆದು ಹಸಿ ಬಾಳೆಯೆಲೆಯ ಬಣ್ಣಕ್ಕೆ ಬಂತು. ತಿರುಮಲೇಶ ಸಂತೋಷದಿಂದ ನೋಟ್‌ಬುಕ್ ತೆರೆದು ಪೆನ್ನು ಹಿಡಿದ, ಹಾಗೆಯೇ ಕೂತುಬಿಟ್ಟ. ಗುಣವಾಯಿತು ಎಂದು ಬರೆದರೆ ಸಾಹೇಬರು ಹೋಗುತ್ತಾರೆ. ಮುಂದಿನ ಭಾನುವಾರ ರಾಯಪುರಂಗೆ ಹೋಗಲು ಕಾರಣವೇ ಉಳಿಯುವುದಿಲ್ಲ. ಕೊನೆಗೆ ಬರೆದ: 'ಎಡಗಣ್ಣು ಇನ್ನೂ ಅರ್ಧ ಮುಚ್ಚಿದೆ.'

ವಾಸಂತಿ ಓದಿದಳು. ಪುಟ ತಿರುಗಿಸಿ, "ಇನ್ನೊಂದು ವಾರ ನೋಡೋಣ," ಎಂದಳು.

ಹಾಗೆ ಮೂರು ವಾರ ಕಳೆಯಿತು. ನಾಲ್ಕನೆಯ ಶನಿವಾರ ಮಧ್ಯಾಹ್ನ ಆಫೀಸಿನಿಂದ ಬಂದಾಗ ಸಾಹೇಬರು ದಾಸವಾಳದ ಮೇಲಿರಲಿಲ್ಲ. ಕಿಟಕಿಯ ಕಡೆಯ ಜಾಲರಿಗೆ ಮೂರು ಕಾಲು ಕಚ್ಚಿ ನಿಂತು, ಹೊರಗಿನ ಬೇವಿನ ಮರದ ಕಡೆಗೆ ಒಂದು ಕೈ ಚಾಚುತ್ತಿದ್ದರು. ಜಾಲರಿಗೆ ಉಜ್ಜಿ ಉಜ್ಜಿ ಮೂತಿಯ ತುದಿ ತರಚಿತ್ತು. ತಿರುಮಲೇಶನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಮೊದಲು ತಿಳಿಯದೆ ಮಾಡಿದ ತಪ್ಪನ್ನು ಈಗ ತಿಳಿದೂ ಮಾಡುತ್ತಿದ್ದ.

ಭಾನುವಾರ ಕಾಫಿ ಬಗ್ಗಿಸುವ ಮೊದಲೇ ಹೇಳಿಬಿಟ್ಟ.

"ಮೇಡಂ, ನಾನು ಬರೆದಿದ್ದು ಸುಳ್ಳು. ಸಾಹೇಬ್ರ ಕಣ್ಣು ಮೂರು ವಾರದ ಹಿಂದೇನೇ ಸರಿಹೋಗಿದೆ. ಫಾರೆಸ್ಟ್‌ನವರಿಗೆ ಫೋನ್ ಮಾಡಿ."

ವಾಸಂತಿ ಡ್ರಾಯರ್ ಎಳೆದು ಸಾಹೇಬರ ಕಾರ್ಡನ್ನು ಮೇಜಿನ ಮೇಲಿಟ್ಟಳು. ಮೂರು ವಾರದ ಹಿಂದಿನ ತಾರೀಖು, ಅದರ ಮುಂದೆ ಅವಳದೇ ಕೈಬರಹ: ಎರಡೂ ಕಣ್ಣು ಸರಿಯಾಗಿವೆ.

"ನಿಮಗೆ ಹೇಗೆ..."

"ನೀವೇ ಬರೆದಿದ್ದೀರಲ್ಲ. 'ಒಂದು ಗೇಣು ದೂರದ ಮಿಡತೆಗೆ ನಾಲಿಗೆ ಬೀಸಿ ಮೊದಲ ಸಲಕ್ಕೇ ಹಿಡಿದರು.' ದೂರ ಅಳೀಬೇಕು ಅಂದ್ರೆ ಅದಕ್ಕೆ ಎರಡು ಕಣ್ಣೂ ಬೇಕು. ಅರ್ಧ ಮುಚ್ಚಿದ್ರೆ ಗುರಿ ತಪ್ಪತ್ತೆ." ಅವಳ ದನಿ ಸಣ್ಣಗಾಯಿತು. "ನಾನು ಡಾಕ್ಟರ್. ಗೊತ್ತಿದ್ದೂ ಫೋನ್ ಮಾಡ್ಲಿಲ್ಲ. ನಿಮಗಿಂತ ನನ್ನ ತಪ್ಪೇ ದೊಡ್ಡದು."

"ಯಾಕೆ ಮಾಡ್ಲಿಲ್ಲ?"

"ಮನೆಗೆ ಹೋದ್ರೆ ಟಿ.ವಿ. ಬಿಟ್ಟು ಇನ್ನೊಂದು ದನಿ ಇಲ್ಲ. ವಾರಕ್ಕೆ ಒಂದು ಗಂಟೆ ಕನ್ನಡ ಕೇಳಿಸ್ತಿತ್ತು," ಎಂದು ಅವಳು ಕಾರ್ಡನ್ನೇ ನೋಡುತ್ತ ಹೇಳಿದಳು. ಆಮೇಲೆ ಫೋನಿನ ಕಡೆ ಕೈ ಚಾಚಿದಳು.

ಮರುದಿನ ಅವನು ರಜೆ ಹಾಕಿ, ಸಾಹೇಬರನ್ನು ಬುಟ್ಟಿಯಲ್ಲಿಟ್ಟುಕೊಂಡು ವಾಸಂತಿಯ ಜೊತೆ ಹೊರಟ. ಊರಾಚೆಯ ಕುರುಚಲು ಕಾಡಿನಲ್ಲಿ ಅರಣ್ಯ ಸಿಬ್ಬಂದಿಯೊಬ್ಬರು ತೋರಿಸಿದ ಪೊದೆಗೆ ತಿರುಮಲೇಶ ಕೈ ಒಡ್ಡಿ ನಿಂತ. ಸಾಹೇಬರು ಅವನ ಬೆರಳನ್ನು ಒಮ್ಮೆ ಬಿಗಿಯಾಗಿ ಹಿಡಿದರು, ಬಿಟ್ಟರು. ಒಂದು ಹೆಜ್ಜೆ ಮುಂದೆ, ಅದೇ ಹೆಜ್ಜೆ ಹಿಂದೆ, ಎರಡು ತೂಗು, ಮತ್ತೆ ಮುಂದೆ. ಎಲೆಗಳ ನಡುವೆ ಎಲೆಯಾಗಿ ಕಾಣದಾದರು. ತಿರುಗಿ ನೋಡಲಿಲ್ಲ. ನೋಡಲು ಅವರಿಗೆ ತಿರುಗುವ ಅಗತ್ಯವಿಲ್ಲ ಎಂದು ತಿರುಮಲೇಶ ಸಮಾಧಾನ ಮಾಡಿಕೊಂಡ.

ಇಬ್ಬರೂ ಬಸ್ ಸ್ಟಾಪಿನ ತನಕ ನಡೆದು ಬಂದರು. ಅವನ ಕೈಯಲ್ಲಿ ಖಾಲಿ ಬುಟ್ಟಿ.

"ಮುಂದಿನ ಭಾನುವಾರ ಏನು ಮಾಡ್ತೀರಿ?" ಎಂದಳು ವಾಸಂತಿ.

"ಏನಿಲ್ಲ ಮೇಡಂ. ಬಟ್ಟೆ ಒಗೀಬೇಕು. ನೋಡ್ಬೇಕು."

ಅವಳು ಅವನ ಕಡೆ ತಿರುಗಿದಳು.

"ನೀವಿನ್ನೂ ಬಟ್ಟಲಲ್ಲೇ ನೀರಿಡ್ತಿದ್ದೀರಿ, ತಿರುಮಲೇಶ್. ನಿಂತ ನೀರು ಕಾಣಲ್ಲ ಅಂತ ಅಷ್ಟು ಹೇಳಿಕೊಟ್ಟೆನಲ್ಲ."

ಅವನಿಗೆ ಅರ್ಥವಾಯಿತು. ಕೈಯಲ್ಲಿದ್ದ ಬುಟ್ಟಿಯನ್ನು ಕೆಳಗಿಟ್ಟ. ಗಂಟಲು ಸರಿಯಿದೆಯೋ ಇಲ್ಲವೋ ಎಂದು ಒಮ್ಮೆ ಕೆಮ್ಮಿ ನೋಡಿಕೊಂಡ.

"ನಂಗೆ ಭಾನುವಾರ ಅಂದ್ರೆ ಭಯ ಇತ್ತು," ಎಂದ.

ಅವಳು ಭುಜದ ಚೀಲವನ್ನು ಕೆಳಗಿಳಿಸಿದಳು.

"ಆ ಕನ್ನಡೀನ ಸಾಹೇಬ್ರಿಗೆ ಅಂತ ಇಟ್ಟೆ. ಜೊತೆ ಬೇಕಾಗಿದ್ದು ನಂಗೆ."

ಬಸ್ಸು ಬಂತು, ನಿಂತಿತು. ಕಂಡಕ್ಟರ್ ಇಬ್ಬರನ್ನೂ ನೋಡಿ ವಿಷಲ್ ಊದಿದ. ಬಸ್ಸು ಹೋಯಿತು.

"ನಂಗೆ ನೀವಂದ್ರೆ ಇಷ್ಟ, ವಾಸಂತಿ. ಬಹಳ ದಿನದಿಂದ."

ಎಡಗೆನ್ನೆಯಲ್ಲಿ ಗುಳಿ ಬಿತ್ತು. ಬಲಗೆನ್ನೆಗೆ ಸುದ್ದಿ ತಲುಪುವವರೆಗೆ ಅವನು ಕಣ್ಣು ಕೀಳದೆ ನೋಡಿದ, ಈ ಸಲ ಅಡ್ಡಕ್ಕೆ ಲೋಟವಿರಲಿಲ್ಲ.

"ಇನ್ನೂ ಹೇಳಿ," ಎಂದಳು ಅವಳು. ಸ್ಟಾಪಿನ ಕಲ್ಲುಬೆಂಚಿನ ಧೂಳು ಒರೆಸಿ ಕೂತು, ಪಕ್ಕದಲ್ಲಿ ಅವನಿಗೂ ಜಾಗ ಮಾಡಿದಳು.