ಒಂದನ್ನು ಎರಡು ಮಾಡಿದವನು

ಕಿವಿ ಡಾಕ್ಟರು ಅವನ ಕಿವಿಗೆ ಟಾರ್ಚು ಬಿಟ್ಟದ್ದು ಅವನದೇ ಆಡಿಯೋ ಅಂಗಡಿಯಲ್ಲಿ, ಗಿರಾಕಿಗಳೆಲ್ಲರ ಎದುರಿಗೆ. ಅಷ್ಟಕ್ಕೂ ಅವನು ಹೇಳಿದ್ದಾದರೂ ಏನು? ನಿಮ್ಮ ಮನೆಯ ಹಾಲ್‌ಗೆ ಒಂದು ಇಂಟಿಗ್ರೇಟೆಡ್ ಆಂಪ್ಲಿಫೈಯರ್ ಧಾರಾಳವಾಗಿ ಸಾಕು, ಹಾಡಿನ ಸಣ್ಣ ಸಿಗ್ನಲ್ಲನ್ನು ಹದ ಮಾಡುವ ಭಾಗವೂ ಅದಕ್ಕೆ ಸ್ಪೀಕರ್ ನಡೆಸುವ ಬಲ ಕೊಡುವ ಭಾಗವೂ ಅದೊಂದೇ ಡಬ್ಬಿಯಲ್ಲಿರುತ್ತವೆ, ಪ್ರೀ ಆಂಪ್ ಬೇರೆ, ಪವರ್ ಆಂಪ್ ಬೇರೆ ಎಂದು ಎರಡೆರಡು ಡಬ್ಬಿ ಯಾಕೆ ಎಂದಿದ್ದ. ಅಪ್ಪಟ ನಿಜ. ಡಾಕ್ಟರು ಅವನ ಕಿವಿ ಹಿಡಿದೆಳೆದು, ಒಳಗೆ ಇಣುಕಿ, "ಇಷ್ಟು ಗುಗ್ಗೆ ತುಂಬ್ಕೊಂಡ್ರೆ ನಿನಗೆ ಎಲ್ಲಾ ಒಂದೇ ಥರ ಕೇಳ್ಸತ್ತೆ ಬಿಡಯ್ಯಾ" ಎಂದರು. ನಕ್ಕವರೆಷ್ಟು ಮಂದಿ! ಆ ಬೆರಳಿನ ಸ್ಪಿರಿಟ್ಟಿನ ವಾಸನೆ ಊಟದ ಹೊತ್ತಿನವರೆಗೂ ಅವನ ಕಿವಿಗೆ ಅಂಟಿಕೊಂಡೇ ಇತ್ತು.

ಅಂದಿನಿಂದ ಡಾಕ್ಟರ ನೆರಳು ಕಂಡರೂ ಅವನಿಗೆ ಹೇಸಿಗೆ. ಅವರು ಮಾತ್ರ ವಾರ ತಪ್ಪದೆ ಬರುತ್ತಿದ್ದರು. ಶೂ ಕಳಚಿ, ಬೆವರಿದ ಕಾಲುಚೀಲದ ಕಾಲುಗಳನ್ನು ಟೀಪಾಯಿಯ ಮೇಲೆ ಚಾಚಿ, ಕಣ್ಣು ಮುಚ್ಚಿ, ಬಾಯಿ ಅರ್ಧ ತೆರೆದು ಹಾಡು ಕೇಳುವರು. ಬಾಯಿಯ ಮೂಲೆಯಲ್ಲಿ ಜೊಲ್ಲು ಮಿನುಗುವುದು. ಥೂ! ಒಮ್ಮೆ ಅವನು ಯಾವುದೋ ವೈರು ಬದಲಿಸುವವನ ಹಾಗೆ ಬಗ್ಗಿ, ಅದನ್ನೇ ಕಿತ್ತು ಅದನ್ನೇ ಸಿಕ್ಕಿಸಿದ. "ಈಗ ಬಂತು ನೋಡು, ಜೀವ!" ಎಂದರು ಡಾಕ್ಟರು. ಅವನ ತಲೆಗೆ ಹುಳು ಹೊಕ್ಕಿದ್ದು ಆಗಲೇ.

ಎರಡು ಡಬ್ಬಿ ಬೇಕಲ್ಲವೇ, ಕೊಡೋಣ ಎಂದುಕೊಂಡ. ಡಾಕ್ಟರು ಮೂಗು ಮುರಿದಿದ್ದ ಆ ಇಂಟಿಗ್ರೇಟೆಡ್ ಆಂಪ್ಲಿಫೈಯರಿನ ಹೊಟ್ಟೆಯೊಳಗಿನದನ್ನೆಲ್ಲ ತೆಗೆದು ಒಂದು ಚಿಕ್ಕ ಡಬ್ಬಿಯಲ್ಲಿ ಕೂರಿಸಿದ. ಅದು ಪ್ರೀ ಆಂಪ್. ಇನ್ನೊಂದು, ಕಪ್ಪು ಲೋಹದ ದೊಡ್ಡ ಡಬ್ಬಿ, ಪವರ್ ಆಂಪ್. ಅದರೊಳಗೆ ಎರಡು ಕಬ್ಬಿಣದ ಹಲಗೆ, ಒಂದು ಮರಳಿನ ಚೀಲ, ಒಂದು ನೀಲಿ ದೀಪ. ಚಿಕ್ಕದರಿಂದ ಹೊರಟ ದಪ್ಪ ವೈರು ದೊಡ್ಡದರ ಹೊಟ್ಟೆಯಲ್ಲಿ ಸುಮ್ಮನೆ ಹಾದು ಸ್ಪೀಕರಿಗೆ ಹೋಗುತ್ತಿತ್ತು. ಬಿಚ್ಚಿದರೆ ಗ್ಯಾರಂಟಿ ಇಲ್ಲ ಎಂಬ ಚೀಟಿಯನ್ನು ಸ್ಕ್ರೂಗಳ ಮೇಲೆ ಅಂಟಿಸಿದ. ಇಬ್ಬರು ಸೇರಿ ಎತ್ತಬೇಕು, ಅಷ್ಟು ಭಾರ.

ಕಣ್ಣಿಗೆ ದೀಪ, ತೋಳಿಗೆ ಭಾರ. ಇನ್ನು ಕಿವಿ. ಆ ಕಿವಿಗಳು ಡಾಕ್ಟರವು, ಹಾಗಾಗಿ ಚಿಂತೆಯೇ ಇಲ್ಲ. ಮುಂದೆಂದಾದರೂ ಅವರಿಗೆ ಗುಮಾನಿ ಬಂದರೂ ಬಾಯಿ ಬಿಡುವಂತಿಲ್ಲ. ಬಿಟ್ಟರೆ, ಒಂದಕ್ಕೂ ಎರಡಕ್ಕೂ ತನಗೆ ವ್ಯತ್ಯಾಸ ಕೇಳಿಸಲಿಲ್ಲ ಎಂದು ಊರಿಗೇ ಸಾರಿದ ಹಾಗೆ. ಹೆಂಡತಿ ಮಾತ್ರ ಅಂಗಡಿಗೆ ಬೀಗ ಬೀಳತ್ತೆ, ನೀವು ಜೈಲಿಗೆ ಹೋಗ್ತೀರಿ, ಆ ಮನುಷ್ಯನ ಸಹವಾಸ ಬಿಡಿ ಎಂದು ಅಂಗಲಾಚಿದಳು. ಚೀಟಿ ರಸೀದಿ ಏನೂ ಕೇಳದೆ ಜನ ರಿಪೇರಿಗೆ ಸೆಟ್ಟು ಬಿಟ್ಟುಹೋಗುವ ಅಂಗಡಿ ಅದು. ಇಷ್ಟು ವರ್ಷ ಒಬ್ಬರೂ ಬೆರಳು ತೋರಿಸಿರಲಿಲ್ಲ. ಅವನು ಕಿವಿ ತೊಳೆದುಕೊಂಡು ಬಂದು ಮಲಗಿದ.

ಡಬ್ಬಿಗಳನ್ನು ಜೋಡಿಸಲು ಮನೆಗೆ ಹೋದ ದಿನ ಡಾಕ್ಟರು ಜಂಭ ಕೊಚ್ಚಿಕೊಳ್ಳಲೆಂದು ಗೆಳೆಯರೊಬ್ಬರನ್ನು ಕರೆದಿದ್ದರು. ಪೊಲೀಸ್ ಇನ್ಸ್‌ಪೆಕ್ಟರು. ಹಾಲ್‌ನಲ್ಲಿ ಎ.ಸಿ. ಕೊರೆಯುತ್ತಿತ್ತು. ಡಬ್ಬಿಗಳ ಪಕ್ಕದ ಕುರ್ಚಿಯಲ್ಲಿ ಡಾಕ್ಟರ ತಾಯಿ ಶಾಲು ಹೊದ್ದು ಕುಳಿತಿದ್ದರು. ಅವರಿಗೆ ಪೂರಾ ಕಿವುಡು. ಹೆತ್ತ ತಾಯಿಯ ಕಿವಿ ಸರಿಮಾಡಲಾಗದವನು ನನ್ನ ಕಿವಿ ನೋಡಲು ಬಂದಿದ್ದ ಎಂದು ಅವನು ಒಳಗೊಳಗೇ ಉಗಿದ.

ಹಾಡಿನ ಮೇಲೆ ಹಾಡು ಬಂತು. ಡಾಕ್ಟರ ಬಾಯಿ ತೆರೆಯಿತು. ಇನ್ಸ್‌ಪೆಕ್ಟರೂ ಕಣ್ಣು ಮುಚ್ಚಿ ತಲೆದೂಗಿದರು.

"ಆ ಒಂದೇ ಡಬ್ಬಿ ತಂದಿದ್ರೆ ಹೀಗೆ ಬರ್ತಿತ್ತೇನಯ್ಯಾ?" ಎಂದರು ಡಾಕ್ಟರು.

"ಎಲ್ಲಿ ಬರ್ತಿತ್ತು ಸಾರ್. ನನ್ನ ಕಿವೀದೇ ತಪ್ಪು."

ಅವನು ನಗು ನುಂಗಿಕೊಂಡು, ಇನ್ಸ್‌ಪೆಕ್ಟರು ಕೇಳಿದ್ದಕ್ಕೆಲ್ಲ ಮೇಷ್ಟರ ಹಾಗೆ ವಿವರಿಸಿದ. ಚಿಕ್ಕದು ಬರೀ ಅಪ್ಪಣೆ ಕೊಡುತ್ತದೆ ಸಾರ್, ಕರೆಂಟು ಕುಡಿದು ಮೈಮುರಿದು ದುಡಿಯುವುದೆಲ್ಲ ದೊಡ್ಡದೇ.

ಹಾಡು ಮುಗಿಯಿತು. ಚಳಿಗೆ ಮುದುರಿದ್ದ ಆ ತಾಯಿ ಆಗಲೇ ಕುರ್ಚಿ ಎಳೆದುಕೊಂಡು ಎರಡೂ ಅಂಗೈಗಳನ್ನು ಚಿಕ್ಕ ಡಬ್ಬಿಯ ಮೇಲಿಟ್ಟು ಕಾಯಿಸಿಕೊಳ್ಳುತ್ತಿದ್ದರು. ಒಂದು ಕೈಯನ್ನು ದೊಡ್ಡದರ ಮೇಲಿಟ್ಟು ನೋಡಿದರು, ತಕ್ಷಣ ಹಿಂದಕ್ಕೆಳೆದುಕೊಂಡರು. ಕಿವಿ ಕೇಳದವರ ದೊಡ್ಡ ದನಿಯಲ್ಲಿ ಮಗನಿಗೆ, "ಲೋ, ಈ ದೊಡ್ಡದಕ್ಕೆ ಕರೆಂಟೇ ಬಂದಿಲ್ಲ ಕಣೋ. ಚಿಕ್ಕದು ಕೈ ಸುಡತ್ತೆ, ಇದು ಕೊರೀತಿದೆ" ಎಂದರು. ಪವರ್ ಆಂಪ್ ದುಡಿದರೆ ಬಿಸಿಯಾಗಲೇಬೇಕು. ಅವನ ಬೆರಳುಗಳಿಗೆ ದಿನವೂ ಗೊತ್ತಿದ್ದ ಸಂಗತಿ ಅದು, ತಲೆಗೆ ಒಂದು ದಿನವೂ ಹೊಳೆದಿರಲಿಲ್ಲ. ಡಾಕ್ಟರು ನಕ್ಕರು. ಇನ್ಸ್‌ಪೆಕ್ಟರು ನಗಲಿಲ್ಲ. ಎದ್ದು ಬಂದು ಚಿಕ್ಕದನ್ನು ಮುಟ್ಟಿದರು, ದೊಡ್ಡದನ್ನು ಮುಟ್ಟಿ ಕೈಯನ್ನು ಅಲ್ಲೇ ಇಟ್ಟುಕೊಂಡು ಅವನ ಕಡೆ ತಿರುಗಿದರು. "ದುಡಿಯೋದೆಲ್ಲ ಇದೇ ಅಂದ್ಯಲ್ಲ. ಸ್ಕ್ರೂಡ್ರೈವರ್ ತಂದಿದೀಯಾ? ಕೊಡು ಇಲ್ಲಿ."