ಹಿಮ ಕೂರದ ಹಗ್ಗ

ಡಿಸೆಂಬರ್ ಒಂಬತ್ತು, ಸೋಮವಾರ ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಕರಾಸುದಾನಿ ಪೊಲೀಸ್ ಠಾಣೆಗೆ ಬಂದ ಹೆಂಗಸಿನ ಕೈಯಲ್ಲಿ ಆರು ಸಿಹಿ ಡಬ್ಬಗಳಿದ್ದವು. ಆರಕ್ಕೂ ಒಂದೇ ಥರದ ಬಿಳಿ ಕಾಗದ ಸುತ್ತಿತ್ತು. ಕುರ್ಚಿ ತೋರಿಸಿದರೆ ಕೂತಳು, ಆದರೆ ಡಬ್ಬಗಳನ್ನು ಕೆಳಗಿಡಲಿಲ್ಲ. ತೊಡೆಯ ಮೇಲೆ ಪೇರಿಸಿಕೊಂಡು, ಮೇಲಿನದರ ಮೇಲೆ ಕೈಯಿಟ್ಟುಕೊಂಡಳು.

ಹೆಸರು ಅಸಾಕುರಾ ಫುಸಾಯೆ, ವಯಸ್ಸು ಐವತ್ಮೂರು. ಶನಿವಾರ, ಸ್ಕೀ ಮೈದಾನದ ಬಾಗಿಲು ತೆರೆದ ಮೊದಲ ದಿನವೇ, ಆಕೆಯ ತಮ್ಮ ನೊಬುಹಿಕೊ ಹಳ್ಳಕ್ಕೆ ಬಿದ್ದು ಸತ್ತಿದ್ದ. ಮೈದಾನದ ಗಸ್ತು ಪಡೆ ಬರೆದುಕೊಟ್ಟ ವರದಿ ಎರಡೇ ಸಾಲಿನದು: 'ನಿಷೇಧದ ಹಗ್ಗ ದಾಟಿ ಹೋಗಿ, ಹಳ್ಳದ ಮೇಲಿನ ತೆಳು ಹಿಮ ಕುಸಿದು ಬಿದ್ದಿದ್ದಾರೆ. ಹೊಣೆ ಅವರದೇ.' ಅದರ ಕೆಳಗೆ ಇನ್ಸ್‌ಪೆಕ್ಟರ್ ಕುವಾಬಾರಾ ಶನಿವಾರ ಸಂಜೆಯೇ ತನ್ನ ಮುದ್ರೆ ಒತ್ತಿ, ಕಡತ ಮುಚ್ಚಿ ಮನೆಗೆ ಹೋಗಿದ್ದ.

"ಈ ಡಬ್ಬ ಯಾರಿಗಮ್ಮ?" ಕುವಾಬಾರಾ ಕೇಳಿದ.

"ನನ್ನ ತಮ್ಮನ್ನ ಮೇಲೆತ್ತಿದ ಆರು ಜನಕ್ಕೆ ಸಾರ್. ಒಬ್ಬೊಬ್ಬರ ಮನೆಗೂ ಹೋಗಿ, ನಮ್ಮವನು ತಪ್ಪು ಮಾಡಿ ನಿಮಗೆಲ್ಲ ತೊಂದರೆ ಕೊಟ್ಟ, ಕ್ಷಮಿಸಿ ಅಂತ ತಲೆ ಬಗ್ಗಿಸ್ಬೇಕಲ್ಲ."

"ಬಗ್ಗಿಸಲೇಬೇಕು ಅಂತೇನಿಲ್ಲ."

"ಇದೆ ಸಾರ್. ನಿಮಗೂ ಗೊತ್ತು. ಎತ್ತಿದ್ದಕ್ಕೆ ಕೈ ಮುಗೀತೀನಿ, ಬೇಕಾದ್ರೆ ಕಾಲಿಗೂ ಬೀಳ್ತೀನಿ. ಆದ್ರೆ ಅವನು ಹಗ್ಗ ದಾಟೋ ಪೈಕಿ ಅಲ್ಲ. ಇಪ್ಪತ್ತೈದು ವರ್ಷ ರೈಲಿನ ಗಾರ್ಡು. ಡ್ಯೂಟಿಯಲ್ಲಿ ಮಾಡೋ ಹಾಗೇ ಮನೆಯಿಂದ ಹೊರಡೋವಾಗ್ಲೂ 'ಗ್ಯಾಸ್ ಬಂದ್, ಕಿಟಕಿ ಬಂದ್' ಅಂತ ಬೆರಳು ತೋರಿಸಿ ಜೋರಾಗಿ ಹೇಳೋನು. ಪ್ರಾಣ ತಿಂತಿದ್ದ ನಮ್ದು. ಅಂಥವನ ಹೆಸರಲ್ಲಿ ಸುಳ್ಳು ತಪ್ಪೊಪ್ಪಿಗೆ ನನ್ನ ಬಾಯಲ್ಲಿ ಬರಲ್ಲ."

ಸತ್ತವರ ಮನೆಯವರೆಲ್ಲ ಹೀಗೇ ಹೇಳುತ್ತಾರೆ. ಇಪ್ಪತ್ತು ವರ್ಷದ ಚಾಕರಿಯಲ್ಲಿ ಇದನ್ನು ಕೇಳಿ ಕೇಳಿ ಕುವಾಬಾರಾನ ಕಿವಿ ತೂತಾಗಿತ್ತು. ಆದರೆ ಶನಿವಾರ ತಾನು ಹಳ್ಳದ ಬಳಿ ನಿಂತಿದ್ದು ಹತ್ತೇ ನಿಮಿಷ ಎನ್ನುವುದು ಅವನಿಗೆ ಮಾತ್ರ ಗೊತ್ತಿದ್ದ ಸಂಗತಿ. ಚಳಿಗೆ ಹೆದರಿ ಬೇಗ ವಾಪಸಾಗಿದ್ದ. ಆ ನಾಚಿಕೆಯಿಂದಲೇ ಪೆನ್ನು ತೆಗೆದ. ಒಂಬತ್ತು ಮೂವತ್ತೈದಕ್ಕೆ ಎಫ್‌ಐಆರ್ ದಾಖಲಾಯಿತು: ಕರ್ತವ್ಯದಲ್ಲಿ ನಿರ್ಲಕ್ಷ್ಯದಿಂದ ಸಾವು, ಆರೋಪಿ ಯಾರೆಂದು ತಿಳಿದಿಲ್ಲ.

ಹನ್ನೊಂದಕ್ಕೆ ಅವನೂ ಕಾನ್‌ಸ್ಟೆಬಲ್ ಒತಾಕಿಯೂ ಮೈದಾನ ತಲುಪಿದರು. ಒತಾಕಿ ಇಪ್ಪತ್ತಾರರ ಹುಡುಗಿ, ಈ ಕಣಿವೆಯಲ್ಲೇ ಹುಟ್ಟಿದವಳು. ಕುವಾಬಾರಾ ಕಡಲ ತೀರದ ಊರಿನವನು, ವರ್ಗವಾಗಿ ಬಂದು ಎರಡು ವರ್ಷವಾಗಿದ್ದರೂ ಹಿಮವೆಂದರೆ ಅವನಿಗೆ ಇನ್ನೂ ಅಲರ್ಜಿ.

ಟಿಕೆಟ್ ಕಿಟಕಿಯ ಪಕ್ಕದ ಹಲಗೆಯಲ್ಲಿ 'ಹಿಮದ ಆಳ ಮೂವತ್ತೈದು ಸೆಂಟಿಮೀಟರ್' ಎಂದಿತ್ತು. ನಂಬುವವರು ನಂಬಬಹುದು. ಹನ್ನೊಂದು ಜಾರುಹಾದಿಗಳಲ್ಲಿ ತೆರೆದಿದ್ದು ಒಂದೇ, ಅದರಲ್ಲೂ ಅಲ್ಲಲ್ಲಿ ಕುಳ್ಳ ಬಿದಿರಿನ ತುದಿಗಳೂ ಕಂದು ಮಣ್ಣೂ ಇಣುಕುತ್ತಿದ್ದವು. ಹಾದಿಯ ಎಡಕ್ಕೆ ಆ ಹಳ್ಳ. ಜನವರಿಯಲ್ಲಿ ಅದರ ಮೇಲೆ ಎರಡಾಳು ಹಿಮ ಬಿದ್ದು ಗಟ್ಟಿಯಾಗುತ್ತದೆ, ಆಗ ಆನೆ ನಡೆದರೂ ಚಿಂತೆಯಿಲ್ಲ. ಈಗ ಇದ್ದದ್ದು ಆರಿದ ಹಾಲಿನ ಮೇಲಿನ ಕೆನೆಯಷ್ಟು. ಹಿಮ ತಟ್ಟುವ ಯಂತ್ರ ಹಾದಿಯನ್ನು ಅಂಚಿನವರೆಗೂ ಸಮ ಮಾಡಿತ್ತು. ಹಗ್ಗ ಇಲ್ಲದಿದ್ದರೆ ಎಲ್ಲಿಯವರೆಗೆ ನೆಲ, ಎಲ್ಲಿಂದ ಟೊಳ್ಳು ಎಂದು ದೇವರಿಗೇ ಗೊತ್ತಾಗಬೇಕು.

ಗಸ್ತು ಪಡೆಯ ಮುಖ್ಯಸ್ಥ ಹೊಷಿನಾ ತೆಂಜಿ ಐವತ್ತೆಂಟರ ಗಟ್ಟಿ ಆಳು. ಬಿಸಿಲು ಹಿಮಕ್ಕೆ ಸುಟ್ಟ ಮುಖ, ಕಡಿಮೆ ಮಾತು.

"ಹಳ್ಳದ ಕಡೆ ಹಗ್ಗ ಯಾವಾಗ ಕಟ್ಟಿದ್ರಿ?"

"ಶುಕ್ರವಾರ ಸಂಜೆ ನಾಲ್ಕಕ್ಕೆ."

"ಯಾರು ಕಟ್ಟಿದ್ದು?"

"ನಾನೇ. ಆ ಹಗ್ಗ ನಾನು ಇನ್ನೊಬ್ರ ಕೈಗೆ ಕೊಡಲ್ಲ."

"ಶನಿವಾರ ಬೆಳಿಗ್ಗೆ ಮತ್ತೆ ನೋಡಿದ್ರಾ?"

"ಎಂಟಕ್ಕೆ ಪೂಜೆ ಇತ್ತು ಸಾಹೇಬ್ರೆ. ಎಲ್ರೂ ಅಲ್ಲೇ ಇದ್ವಿ."

ಹಂಗಾಮಿನ ಮೊದಲ ದಿನ ಊರ ಗುಡಿಯ ಅರ್ಚಕರು ಬಂದು, ಈ ವರ್ಷ ಯಾರಿಗೂ ಪೆಟ್ಟಾಗದಿರಲಿ ಎಂದು ಲಿಫ್ಟಿನ ಕಂಬದ ಬುಡದಲ್ಲಿ ಪ್ರಾರ್ಥನೆ ಮಾಡುತ್ತಾರೆ. ಗಸ್ತಿನವರು ಒಬ್ಬರೂ ತಪ್ಪಿಸುವಂತಿಲ್ಲ, ಸಾಲಾಗಿ ತಲೆ ಬಗ್ಗಿಸಿ ನಿಲ್ಲಬೇಕು. ಅಕ್ಕಿಯ ಮದ್ಯ ಕಂಬಕ್ಕೆ ಸುರಿದ ಕೂಡಲೇ ಲಿಫ್ಟ್ ಶುರು. ಶನಿವಾರ ಅದು ಎಂಟೂವರೆಗೆ ಶುರುವಾಗಿತ್ತು, ಮೊದಲ ಕುರ್ಚಿಯಲ್ಲಿ ಕೂತವನು ಅಸಾಕುರಾ ನೊಬುಹಿಕೊ.

ಪಂಚನಾಮೆ ಹನ್ನೊಂದು ಮುಕ್ಕಾಲಿಗೆ ಮೊದಲಾಯಿತು. ಒತಾಕಿ ಅಳತೆ ಹಿಡಿದು, ಚಿತ್ರ ತೆಗೆದು, ಕೊನೆಗೆ ಶನಿವಾರ ಒಂಬತ್ತು ನಲವತ್ತಕ್ಕೆ ಗಸ್ತಿನವರೇ ತೆಗೆದ ಫೋಟೊ ಹಿಡಿದು ನಿಂತಳು. ನಿಂತವಳು ಅಲ್ಲಾಡಲೇ ಇಲ್ಲ.

"ಸಾರ್, ಈ ಹಗ್ಗ ಬೋಳಾಗಿದೆ."

"ಹಗ್ಗಕ್ಕೆ ಕೂದಲು ಬೇರೆ ಇರುತ್ತೇನಮ್ಮ?"

"ನಮ್ಮ ಕಡೆ ಇರುತ್ತೆ ಸಾರ್. ಶುಕ್ರವಾರ ರಾತ್ರಿಯಿಂದ ಮಂಜು ಬೀಸ್ತಾ ಇತ್ತಲ್ಲ, ಅದು ಸಿಕ್ಕಿದ್ದಕ್ಕೆಲ್ಲ ಅಂಟಿ ಹೆಪ್ಪುಗಟ್ಟುತ್ತೆ. ಬೆಳಿಗ್ಗೆ ನಮ್ಮಮ್ಮ ಬಟ್ಟೆ ಒಣಗಿಸೋ ಹಗ್ಗ ಮೂಲಂಗಿ ದಪ್ಪ ಆಗಿತ್ತು. ಇಲ್ಲಿ ನೋಡಿ, ಬಲಗಡೆ ಹಗ್ಗ, ಹಿಂದಿನ ಹಗ್ಗ ಎಲ್ಲಾ ಬೆಳ್ಳಗೆ ಊದಿಕೊಂಡಿವೆ. ಹಳ್ಳದ ಹಗ್ಗದಲ್ಲಿ ಮಾತ್ರ ಹಳದಿ ಕಪ್ಪು ಪಟ್ಟಿ ಎಣಿಸಬಹುದು."

"ಎತ್ತೋ ಗಡಿಬಿಡೀಲಿ ಉದುರಿರಬಹುದು."

"ಹಗ್ಗದ್ದು ಉದುರಲಿ. ಹಗ್ಗ ಕಟ್ಟಿರೋ ಕೋಲುಗಳದ್ದು? ಹನ್ನೊಂದು ಕೋಲಿನದೂ?"

ಕುವಾಬಾರಾ ಫೋಟೊ ಕಣ್ಣಿಗೆ ಹತ್ತಿರ ಹಿಡಿದ. ಇದೇ ಫೋಟೊ ಅವನು ಮುದ್ರೆ ಒತ್ತಿದ ಕಡತದಲ್ಲೂ ಇತ್ತು. ಲಿಫ್ಟಿನ ದಿನಚರಿ ತರಿಸಿ ನೋಡಿದರೆ 'ಮಂಜು ಸರಿದದ್ದು 8.50' ಎಂದು ಬರೆದಿತ್ತು. ಅಂದಮೇಲೆ ಹಗ್ಗ ಕಟ್ಟಿದ್ದು ಅದರ ನಂತರ.

ಮೇಲಿನ ಲಿಫ್ಟ್ ನಿಲ್ದಾಣದಲ್ಲಿ ಕುರ್ಚಿಗಳ ಹಿಮ ಗುಡಿಸುವ ತೊಮೆ ಅಜ್ಜಿಗೆ ಎಪ್ಪತ್ತೊಂದು. ಬೇಸಿಗೆಯಲ್ಲಿ ಗದ್ದೆ, ಚಳಿಗಾಲದಲ್ಲಿ ಲಿಫ್ಟು.

"ಶನಿವಾರ ಹೊಷಿನಾ ಅವರನ್ನ ನೋಡಿದ್ರಾ ಅಜ್ಜಿ?"

"ನೋಡ್ದೇ ಏನು! ಇದೇ ಬಾಗಿಲಲ್ಲಿ ಹೋದ, ಎಂಟು ಐವತ್ತು ಇರ್ಬೇಕು, ಮಂಜು ಆಗ್ತಾನೆ ಸರೀತು. ಹೆಗಲ ಮೇಲೆ ಬಿದಿರು ಕೋಲಿನ ಕಟ್ಟು, ಏದುಸಿರು. ನಾನೇ ಬೈದೆ, 'ಏನೋ ತೆಂಜಿ, ಮದುವೆ ಮುಗಿದ್ಮೇಲೆ ಚಪ್ಪರ ಹಾಕೋಕೆ ಹೊರಟೆಯೇನೋ' ಅಂತ. ಪಾಪ, ಆ ಪೂಜೆ ದೆಸೆಯಿಂದ ತಡವಾಯ್ತು ಅವನಿಗೆ."

ಹೇಳಿ ನಕ್ಕವಳು ಒತಾಕಿಯ ಮುಖ ನೋಡಿ ಪೊರಕೆ ಕೆಳಗಿಟ್ಟಳು.

"ಹೇಳಬಾರದ್ದು ಹೇಳಿದ್ನೇನವ್ವಾ?"

ಒತಾಕಿ ಅದನ್ನು ಸಮಯದ ಸಮೇತ ಬರೆದುಕೊಂಡಳು. ಇಬ್ಬರೂ ಅಲ್ಲಿಂದ ಹಳ್ಳದವರೆಗೆ ಗಡಿಯಾರ ನೋಡುತ್ತ ಇಳಿದರು. ಎಡವುತ್ತ ಬಂದ ಕುವಾಬಾರಾನಿಗೇ ನಾಲ್ಕು ನಿಮಿಷ ಸಾಕಾಯಿತು. ಗಸ್ತಿನ ವೈರ್‌ಲೆಸ್ ದಾಖಲೆಯಲ್ಲಿ 'ಒಬ್ಬರು ಬಿದ್ದಿದ್ದಾರೆ, ಬನ್ನಿ' ಎಂಬ ಹೊಷಿನಾನ ಕರೆ ಇದ್ದದ್ದು 9.22ಕ್ಕೆ. ನಡುವಿನ ಇಪ್ಪತ್ತೆಂಟು ನಿಮಿಷ ಎಲ್ಲಿ ಹೋಯಿತು?

ಮಂಗಳವಾರ ಬೆಳಿಗ್ಗೆ ಮರಣೋತ್ತರ ಪರೀಕ್ಷೆಯ ವರದಿ ಬಂತು. ಶ್ವಾಸಕೋಶದಲ್ಲಿ ನೀರಿಲ್ಲ, ಮೂಳೆ ಮುರಿದಿಲ್ಲ. ಎದೆಮಟ್ಟದ ನೀರಿನಲ್ಲಿ ಸಿಕ್ಕಿಕೊಂಡು ಚಳಿಗೆ ಸತ್ತದ್ದು. ಕೈಗವಸಿನ ಬೆರಳ ತುದಿಗಳು ಸವೆದು ತೂತಾಗಿದ್ದವು. ಬಿದ್ದಮೇಲೆ ಅರ್ಧ ಗಂಟೆಯಾದರೂ ಎಚ್ಚರವಿತ್ತು ಎಂದು ವೈದ್ಯರು ಬರೆದಿದ್ದರು. ಒತಾಕಿ ಅದನ್ನು ಓದಿ ಕಡತ ಮುಚ್ಚಿ, ಮುಖ ತೊಳೆದುಕೊಂಡು ಬಂದಳು.

ಹೊಷಿನಾನನ್ನು ಕರೆತರಲು ಹೋದಾಗ ಗಸ್ತಿನ ಕೋಣೆಯ ಗೋಡೆಯಲ್ಲೊಂದು ಹಲಗೆ ಕಂಡಿತು. 'ಸಾವಿಲ್ಲದ ದಿನಗಳು (ಮೈದಾನ ತೆರೆದ ದಿನಗಳು ಮಾತ್ರ)' ಎಂಬ ಬರಹದ ಕೆಳಗೆ ಮೊಳೆಗೆ ಸಿಕ್ಕಿಸಿದ ಮರದ ಅಂಕಿಗಳು: 3742. ಹಿಂದಿನ ದಿನ ಒತಾಕಿ ತೆಗೆದ ಚಿತ್ರದಲ್ಲಿ ಅದು 3741 ಆಗಿತ್ತು.

"ಇದನ್ನ ದಿನಾ ಬದಲಾಯಿಸೋರು ಯಾರು?" ಕುವಾಬಾರಾ ಅಲ್ಲಿದ್ದ ಗಸ್ತಿನವನನ್ನು ಕೇಳಿದ.

"ಮುಖ್ಯಸ್ಥರೇ ಸಾರ್. ಬೇರೆಯವರು ಮುಟ್ಟಂಗಿಲ್ಲ."

"ಶನಿವಾರ ಒಬ್ಬರು ಸತ್ತರಲ್ಲಯ್ಯಾ!"

"ಹಗ್ಗದ ಆಚೆ ಸತ್ತರೆ ಇದಕ್ಕೆ ಸೇರಿಸಲ್ಲ ಸಾರ್," ಎಂದ ಅವನು, ತಾನೇನು ಹೇಳುತ್ತಿದ್ದೇನೆಂದು ಯೋಚಿಸದೆ.

ವಿಚಾರಣೆ ಮಧ್ಯಾಹ್ನ ಎರಡೂಕಾಲಕ್ಕೆ ಆರಂಭವಾಯಿತು. ಮೇಜಿನ ಮೇಲೆ ಫೋಟೊ, ದಿನಚರಿ, ವೈರ್‌ಲೆಸ್ ದಾಖಲೆ, ತೊಮೆ ಅಜ್ಜಿಯ ಹೇಳಿಕೆ. ಹೊಷಿನಾ ಒಂದೊಂದನ್ನೂ ನೋಡಿದ, ವಾದ ಮಾಡಲಿಲ್ಲ.

"ಶುಕ್ರವಾರ ಯಾಕೆ ಕಟ್ಟಲಿಲ್ಲ?"

"ಯಂತ್ರ ಕತ್ತಲಾಗೋವರೆಗೂ ಆ ಅಂಚಲ್ಲೇ ಓಡಾಡ್ತಿತ್ತು. ಬೆಳಿಗ್ಗೆ ಕಟ್ಟೋಣ ಅಂದ್ಕೊಂಡೆ. ಬೆಳಿಗ್ಗೆ ಅರ್ಚಕರು ಬೇಗ ಬಂದ್ಬಿಟ್ರು."

"ಪೂಜೆ ಬಿಟ್ಟು ಹೋಗಬಹುದಿತ್ತಲ್ಲ?"

"ಮೂವತ್ತೊಂದು ವರ್ಷ ಮುಂದೆ ನಿಂತವನು ನಾನು. ಹೇಗೆ ಬಿಡಲಿ?"

"ಹಳ್ಳದ ಹತ್ರ ಏನು ನೋಡಿದ್ರಿ?"

"ತೂತು. ಒಳಗೆ ಕೆಂಪು ಟೋಪಿ."

"ಜೀವ ಇತ್ತಾ?"

"ಮಾತಾಡಿದ್ರು."

"ಏನಂತ?"

"'ತೊಂದರೆ ಕೊಡ್ತಿದೀನಿ, ಕ್ಷಮಿಸಿ' ಅಂದ್ರು."

ಒತಾಕಿಯ ಪೆನ್ನು ನಿಂತಿತು. ಕುವಾಬಾರಾ ಬರೆ ಎಂದು ಸನ್ನೆ ಮಾಡಿದ.

"ನೀವೇನಂದ್ರಿ?"

"ಬಂದೆ ಇರಿ, ಒಂದು ನಿಮಿಷ ಅಂದೆ. ಆಮೇಲೆ ಕೋಲು ನೆಡೋಕೆ ಶುರು ಮಾಡಿದೆ."

"ವೈರ್‌ಲೆಸ್ ಸೊಂಟದಲ್ಲೇ ಇತ್ತು."

"ಇತ್ತು. ಕರೆದ್ರೆ ಎಲ್ರೂ ಬಂದು ಹಗ್ಗ ಇಲ್ಲದ್ದನ್ನ ನೋಡ್ತಿದ್ರು. ಐದು ನಿಮಿಷದ ಕೆಲಸ ಅಂದ್ಕೊಂಡೆ ಸಾಹೇಬ್ರೆ. ಜನವರಿಯಲ್ಲಾದ್ರೆ ಹಿಮಕ್ಕೆ ಚುಚ್ಚಿದ್ರೆ ಮುಗೀತು, ಕೈಗೆ ಅದೇ ಅಭ್ಯಾಸ. ಈಗ ಹಿಮ ತೆಳು, ಕೋಲು ನಿಲ್ಲಲಿಲ್ಲ. ಕೆಳಗೆ ಕಲ್ಲಿನಂಥ ನೆಲ, ಬಿದಿರಿನ ಬೇರು. ಒಂದೊಂದನ್ನೂ ಬಡಿದು ಬಡಿದು ಇಳಿಸ್ಬೇಕಾಯ್ತು. ಅರ್ಧ ಆಗಿತ್ತು, ಬಿಡೋಕಾಗಲಿಲ್ಲ."

"ಅವರು ಕೂಗಲಿಲ್ವಾ?"

ಹೊಷಿನಾ ತನ್ನ ಅಂಗೈಗಳನ್ನು ನೋಡಿಕೊಂಡ. ಬಡಿದಲ್ಲೆಲ್ಲ ಬೊಬ್ಬೆ ಎದ್ದು ಒಡೆದಿತ್ತು.

"ಬಡಿಯೋ ಸದ್ದು ಅವರಿಗೆ ಕೇಳಿಸ್ತಿತ್ತು. ಅವರನ್ನ ಎತ್ತೋಕೇ ಏನೋ ಕಟ್ತಿದೀನಿ ಅಂದ್ಕೊಂಡಿದ್ರು. 'ನನ್ನಿಂದ ಏನಾದ್ರೂ ಸಹಾಯ ಬೇಕಾ' ಅಂತ ಎರಡು ಸಲ ಕೇಳಿದ್ರು. ಮೂರನೇ ಸಲ ಕೇಳಲಿಲ್ಲ."

ನಾಲ್ಕು ನಲವತ್ತಕ್ಕೆ ಹೊಷಿನಾ ತೆಂಜಿಯ ಬಂಧನವಾಯಿತು. ನಿರ್ಲಕ್ಷ್ಯದ ಸಾವಿನ ಜೊತೆಗೆ, ಕಾಪಾಡಬೇಕಾದವನೇ ಕೈಬಿಟ್ಟು ಸಾವಿಗೆ ಕಾರಣನಾದ ಆರೋಪವೂ ಸೇರಿತು. ಅವನ ಹೇಳಿಕೆಯ ಕೊನೆಯ ಪುಟದಲ್ಲಿ ಆ ಹಲಗೆಯ ವಿಷಯವಿದೆ. ಇಪ್ಪತ್ತೇಳರ ವಯಸ್ಸಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ಡಿಸೆಂಬರಿನಲ್ಲೇ ಅದೇ ಹಳ್ಳದಿಂದ ಒಂಬತ್ತು ವರ್ಷದ ಹುಡುಗಿಯೊಬ್ಬಳ ಹೆಣವನ್ನು ಅವನು ಹೊತ್ತು ತಂದಿದ್ದ. ಮರುದಿನ ತಾನೇ ಹಲಗೆ ಕುಯ್ದು, ಸೊನ್ನೆ ಬರೆದು, ಗೋಡೆಗೆ ಹೊಡೆದ. ಇನ್ನೊಂದು ಸಲ ಆ ಸೊನ್ನೆ ನೋಡಲಾರೆ ಎಂದು ಅಂದಿನಿಂದ ಒಂದು ಹಗ್ಗವನ್ನೂ ಇನ್ನೊಬ್ಬರ ಕೈಗೆ ಬಿಡಲಿಲ್ಲ. ಅವನು ಕೆಟ್ಟವನಲ್ಲ. ಮುದ್ರೆ ಒತ್ತುವ ಮುಂಚೆ ಕುವಾಬಾರಾ ಆ ಪುಟವನ್ನು ಎರಡು ಸಲ ಓದಿದ.

ಬುಧವಾರ ಮಧ್ಯಾಹ್ನ ಕುವಾಬಾರಾ ಎರಡು ಗಂಟೆ ರೈಲಿನಲ್ಲಿ ಹೋಗಿ ಫುಸಾಯೆಯ ಮನೆ ತಲುಪಿದ. ಒಳಕೋಣೆಯಲ್ಲಿ ನೊಬುಹಿಕೊನ ಚಿತ್ರದ ಮುಂದೆ ಊದುಬತ್ತಿ ಉರಿಯುತ್ತಿತ್ತು. ತನ್ನ ಮುದ್ರೆ ತಪ್ಪಾಗಿತ್ತು ಎಂದು ಮೊದಲು ಹೇಳಿದ.

"ಅವನು ಹಗ್ಗ ದಾಟಿರಲಿಲ್ಲ ಅಲ್ವಾ?"

"ಇಲ್ಲಮ್ಮ. ಅಲ್ಲಿ ಹಗ್ಗವೇ ಇರಲಿಲ್ಲ."

ಫುಸಾಯೆ ಕಣ್ಣು ಮುಚ್ಚಿದಳು, ಭುಜಗಳು ಸಡಿಲಾದವು. ಕುವಾಬಾರಾ ಅಲ್ಲಿಗೇ ಎದ್ದುಬಿಡಬಹುದಿತ್ತು. ಆದರೆ ಆಕೆ ಕಣ್ಣು ತೆರೆದು, ಬಿದ್ದ ತಕ್ಷಣ ಪ್ರಾಣ ಹೋಯ್ತಾ ಎಂದು ಕೇಳಿದಳು. ನ್ಯಾಯಾಲಯದಲ್ಲಿ ಎಲ್ಲರೆದುರು ಕೇಳಿಸಿಕೊಳ್ಳುವುದಕ್ಕಿಂತ ಇಲ್ಲೇ ಕೇಳಲಿ ಎಂದು ಅವನು ಇದ್ದದ್ದನ್ನು ಇದ್ದಹಾಗೆ ಹೇಳಿದ. ಬಡಿಯುವ ಸದ್ದು, ಎರಡು ಸಲ ಕೇಳಿದ ಮಾತು, ಎಲ್ಲ.

ಆಕೆ ತಮ್ಮನ ಚಿತ್ರದ ಕಡೆ ತಿರುಗಿದಳು.

"ಸಹಾಯ ಬೇಕಾ ಅಂತ ಕೇಳಿದ್ಯೇನೋ," ಎಂದಳು. ಅವಳು ಮಾತಾಡುತ್ತಿದ್ದುದು ಕುವಾಬಾರಾನ ಜೊತೆ ಅಲ್ಲ. "ಬೇಕು ಅನ್ನಬೇಕಿತ್ತು ಕಣೋ. ನನಗೆ ಬೇಕು ಅಂತ ಕಿರುಚಬೇಕಿತ್ತು."