ಊಟಕ್ಕೆ ಮುಂಚಿನ ಅರ್ಜಿ

ಕಾರ್ಖಾನೆಯ ಪ್ರೆಸ್ ಮಷಿನ್‌ನಲ್ಲಿ ಬಲಗೈ ಕಳೆದುಕೊಂಡ ಕಾರ್ಮಿಕನ ಪರಿಹಾರದ ಅರ್ಜಿಯನ್ನು ಕಾರ್ಮಿಕ ಪರಿಹಾರದ ಅಧಿಕಾರಿಯಾದ ಅವಳು ತಳ್ಳಿಹಾಕಿದಳು. ಕಾರಣ: ಕಾರ್ಮಿಕನ ಸ್ವಂತ ಅಜಾಗರೂಕತೆ. ಆಮೇಲೆ ಊಟಕ್ಕೆ ಎದ್ದಳು.

ಬಾಗಿಲಲ್ಲಿ ಒಬ್ಬ ಯುವಕ ಅಡ್ಡ ನಿಂತಿದ್ದ.

"ಮೇಡಂ, ಒಂದು ಪ್ರಶ್ನೆ. ಈಗ ಹಸಿವಾಗಿದೆಯಾ?"

"ಯಾರ್ರೀ ನೀವು? ಏನ್ ತಲೆಹರಟೆ ಇದು!"

"ಅರ್ಥಶಾಸ್ತ್ರದ ಸಂಶೋಧಕ. ಮನುಷ್ಯರು ತೀರ್ಮಾನ ಹೇಗೆ ತಗೋತಾರೆ, ಎಲ್ಲಿ ಎಡವುತ್ತಾರೆ ಅಂತ ನೋಡೋದು ನನ್ನ ಕೆಲಸ. ನಿಮ್ಮ ಕಚೇರಿಯ ತೀರ್ಪುಗಳನ್ನ ಓದೋಕೆ ಅನುಮತಿ ಸಿಕ್ಕಿದೆ."

"ನಾನು ಎಡವಲ್ಲ!"

ಆದರೂ ಆ ಕಣ್ಣುಗಳು... ತಪ್ಪು ಹುಡುಕುವವನ ಕಣ್ಣುಗಳು ಇಷ್ಟು ಮೃದುವಾಗಿರುತ್ತವೆಯೇ?

ಪ್ರತಿ ತೀರ್ಪು ಯಾವ ಹೊತ್ತಿನದೆಂದು ಕೇಳುತ್ತಿದ್ದುದರಿಂದ ಕಚೇರಿಯವರು ಅವನಿಗೆ 'ಗಡಿಯಾರ' ಎಂದು ಹೆಸರಿಟ್ಟರು.

"ಮೇಡಂ, ನಿಮ್ಮ ಗಡಿಯಾರ ಬಂತು. ಇವತ್ತು ಶರ್ಟಿಗೆ ಇಸ್ತ್ರಿ ಬೇರೆ!" ಎಂದು ಜವಾನ ನಕ್ಕರೆ ಅವಳು ಸಿಡುಕುತ್ತಿದ್ದಳು. ಜವಾನ ಆಚೆ ಹೋದೊಡನೆ ಕೂದಲು ಸರಿಮಾಡಿಕೊಳ್ಳುತ್ತಿದ್ದಳು.

ಸಂಜೆಯ ಚಹಾ ಒಂದೇ ಮೇಜಿಗೆ ಬರತೊಡಗಿತು. ಅವಳು ಅವನಿಗಾಗಿ ಕಾಯುವುದನ್ನು ಕಲಿತಳು.

ಹಾಗೊಂದು ಸಂಜೆ ಅವನು ಎರಡು ತೀರ್ಪುಗಳನ್ನು ಮುಂದಿಟ್ಟ. ಅದೇ ಕಾರ್ಖಾನೆ, ಅದೇ ಮಷಿನ್, ಅದೇ ಗಾಯ. ಬೆಳಗ್ಗೆ ವಿಚಾರಣೆಯಾದ ಅರ್ಜಿಗೆ ಪರಿಹಾರ ಸಿಕ್ಕಿತ್ತು. ಊಟಕ್ಕೆ ತುಸು ಮುಂಚೆ ವಿಚಾರಣೆಯಾದದ್ದಕ್ಕೆ ಇಲ್ಲ. ಎರಡರ ಕೆಳಗೂ ಅವಳದೇ ಸಹಿ.

"ಇಂಥವು ತುಂಬಾ ಇವೆ. ಹಸಿವೋ ದಣಿವೋ, ನನಗೆ ಖಚಿತವಾಗಿ ಗೊತ್ತಿಲ್ಲ. ಆದ್ರೆ ಇಲ್ಲಿ ಪರಿಹಾರ ಕೊಡೋಕೆ ಪುಟಗಟ್ಟಲೆ ಸಮರ್ಥನೆ ಬರೀಬೇಕು. ಕೊಡದಿರೋಕೆ ಒಂದು ಸಾಲು ಸಾಕು. ದಣಿದ ಮನಸ್ಸು ಸುಲಭದ ದಾರಿ ಹಿಡಿಯುತ್ತೆ."

ಅವಳ ಮುಖ ಬಿಳಿಚಿಕೊಂಡಿತು.

"ಓಹೋ... ಇದಕ್ಕೇನಾ ನನ್ನ ಜೊತೆ ಚಹಾ ಕುಡಿದಿದ್ದು? ನಾನು ಏನೇನೋ ಅಂದ್ಕೊಂಡೆ. ನಾನೂ ನಿಮ್ಮ ಲೆಕ್ಕದಲ್ಲಿ ಒಂದು ಅಂಕಿ, ಅಷ್ಟೇ!"

"ಅಯ್ಯೋ, ಪೂರ್ತಿ ಕೇಳಿ..."

"ಇನ್ನು ಬರಬೇಡಿ."

ಅವನು ಎದ್ದ. "ನನಗೂ ಒಂದೇ ಸಾಲಾ ಮೇಡಂ?" ಎಂದಷ್ಟೇ ಕೇಳಿದ.

ಕೆಲವು ವಾರಗಳ ನಂತರ ಕೈ ಕಳೆದುಕೊಂಡ ಆ ಕಾರ್ಮಿಕ ತನ್ನ ಕಾಗದಗಳನ್ನು ವಾಪಸು ಪಡೆಯಲು ಬಂದ. ಮೊಗಸಾಲೆಯಲ್ಲಿ ಹೆಂಡತಿ ಅವನ ಅಂಗಿಯ ಗುಂಡಿ ಹಾಕುತ್ತಿದ್ದಳು. ಅಧಿಕಾರಿಯನ್ನು ಕಂಡೊಡನೆ ಆ ಹೆಂಗಸು ಅವಳತ್ತ ತಿರುಗಿ ನಿಂತಳು.

"ಮಷಿನ್‌ಗೆ ಕಣ್ಣಿರಲಿಲ್ಲ ಬಿಡಮ್ಮ. ನಿಮಗಿತ್ತಲ್ಲ? ನಮ್ಮ ಯಜಮಾನ್ರು ಆವತ್ತು ಏನು ಹೇಳಿದ್ರು, ಒಂದು ಮಾತು ನೆನಪಿದೆಯಾ?"

ಅವಳು ನೆನೆಯಲು ಹೋದಳು. ಒಂದು ಮಾತೂ ಬರಲಿಲ್ಲ. ಅವನ ದನಿ ಹೇಗಿತ್ತೆಂಬುದೂ...

ಕೈ ಕತ್ತರಿಸಿದ ಯಂತ್ರಕ್ಕೆ ದ್ವೇಷವಿರಲಿಲ್ಲ. ಅವಳ ಮೊಹರಿಗೂ ಇರಲಿಲ್ಲ. ಹಾಗೆಂದು ಎರಡರ ಹಲ್ಲೂ ಮೊಂಡಾಗಿರಲಿಲ್ಲ.

'ದೇವರೇ... ನಾನು ಕೇಳಿಸಿಕೊಂಡೇ ಇರಲಿಲ್ಲ. ಈ ಕಾರ್ಮಿಕನ ಮಾತನ್ನೂ ಇಲ್ಲ, ಆ ಗಡಿಯಾರದವನ ಮಾತನ್ನೂ ಇಲ್ಲ!'

ಸಂಶೋಧನೆಯ ಸುದ್ದಿ ಮೇಲಿನವರೆಗೆ ಹೋಯಿತು. ಮೇಲಧಿಕಾರಿ ಅವಳನ್ನೂ ಸಂಶೋಧಕನನ್ನೂ ಕರೆಸಿ ಅವಳ ಮುಂದೆ ಒಂದು ಹೇಳಿಕೆ ಇಟ್ಟರು: ಸಂಶೋಧಕ ತೀರ್ಪುಗಳ ದಾಖಲೆಯನ್ನು ತಿರುಚಿದ್ದಾನೆ.

"ನೀನು ನನ್ನ ಮಗಳ ಹಾಗೆ. ಸಹಿ ಹಾಕಮ್ಮ, ಎಲ್ಲಾ ಇಲ್ಲಿಗೇ ಮುಗಿಯುತ್ತೆ. ಇಲ್ಲಾಂದ್ರೆ ನೀನು ತಳ್ಳಿಹಾಕಿದ್ದನ್ನೆಲ್ಲ ಮತ್ತೆ ವಿಚಾರಣೆ ಮಾಡ್ಬೇಕಾಗುತ್ತೆ. ನಿನಗೆ ಅಮಾನತು ಗ್ಯಾರಂಟಿ."

ಮೇಜಿನ ಆಚೆ ಅವನು ಸೊರಗಿ ಹೋಗಿದ್ದ.

"ಹಾಕಿಬಿಡಿ ಮೇಡಂ," ಎಂದ ಮೆಲ್ಲಗೆ. "ಹೆಸರು ಕೆಟ್ರೆ ನಾನು ಎಲ್ಲೋ ಮಕ್ಕಳಿಗೆ ಲೆಕ್ಕ ಹೇಳ್ಕೊಟ್ಟು ಬದುಕ್ತೀನಿ. ನಿಮ್ಮ ಕೆಲಸ ಹೋಗೋದನ್ನ ನೋಡೋಕಾಗಲ್ಲ."

"ಆವತ್ತು ನಿನ್ನ ಮಾತು ಪೂರ್ತಿ ಮಾಡೋಕೆ ಬಿಡಲಿಲ್ಲ. ಏನು ಹೇಳ್ಬೇಕು ಅಂತಿದ್ದೆ?" ಎಂದು ಅವಳು ಅವನನ್ನು ಕೇಳಿದಳು.

'ನೀವು' ಯಾವಾಗ 'ನೀನು' ಆಯಿತೋ, ಅವಳಿಗೇ ತಿಳಿಯಲಿಲ್ಲ.

"ತೀರ್ಪೆಲ್ಲ ಓದಿ ಮುಗಿದು ಎಷ್ಟೋ ದಿನ ಆಗಿತ್ತು. ಆಮೇಲೂ ದಿನಾ ಬರ್ತಿದ್ದೆನಲ್ಲ... ಅದು ಬರೀ ನಿಮಗೋಸ್ಕರ."

ಅವಳ ಕಣ್ಣು ತುಂಬಿ ಹೇಳಿಕೆಯ ಅಕ್ಷರಗಳು ಕಲಸಿಹೋದವು. ಇಷ್ಟು ಹೇಳಲು ಅವನಿಗೆ ಎಷ್ಟು ಹೊತ್ತು ಬೇಕಿತ್ತು? ಅಷ್ಟನ್ನೂ ಕೊಡಲಿಲ್ಲವಲ್ಲ...

"ಏನ್ರೀ ಇದು, ಕಚೇರಿನೋ ಪಾರ್ಕೋ?" ಮೇಲಧಿಕಾರಿ ಮೇಜು ಗುದ್ದಿದರು. "ಸಹಿ ಹಾಕಮ್ಮ!"

"ಹಾಕಿಬಿಡು... ನನಗೋಸ್ಕರ," ಎಂದ ಅವನೂ.

ಅವಳು ಪೆನ್ನಿನ ಮುಚ್ಚಳ ಮುಚ್ಚಿದಳು.

"ನೀನು ಹೇಳಿದ್ರೂ ಹಾಕಲ್ಲ ಕಣೋ."